ಮೂಸಿ ದಂಡೆಯಲ್ಲಿ ನಮ್ಮೂರ ಜೋಳ

ನಮ್ಮೂರು ಮಂಗಳೂರು. ಕಡಲಿರುವ ಮಂಗಳೂರಲ್ಲ, ಎರಿ ಹೊಲದ ಮಂಗಳೂರು. ಮೊದಲು ಯಲಬುರ್ಗಿ ತಾಲೂಕು, ಈಗ ಕುಕನೂರು ತಾಲೂಕು, ಕೊಪ್ಪಳ ಜಿಲ್ಲೆ. ಕಾಲೇಜಿನ ಮೊದಲ ದಿನ ಊರ ಹೆಸರು ಹೇಳಿದಾಗ "ದಿನಾ ಮೀನು ತಿಂತೀಯೇನಲೇ?" ಎಂದು ಕೇಳಿ ನಕ್ಕಿದ್ದರು. ನಾವು ಏನು ತಿನ್ನುತ್ತೇವೆಂದು ಹೇಳಿದ್ದರೆ ಪಕ್ಕದಲ್ಲಿ ಕುಂತವನು ಬೆಂಚು ಬದಲಿಸುತ್ತಿದ್ದ. ಅದು ಬೇರೆ ಮಾತು.

2024ರ ಜನವರಿಯಲ್ಲಿ, ಬಿ.ಎ. ಕಡೇ ವರ್ಷದಲ್ಲಿದ್ದಾಗ, ಇತಿಹಾಸ ವಿಭಾಗದಿಂದ ಹೈದರಾಬಾದಿಗೆ ಪ್ರವಾಸ ಹೋದೆವು. ಮೂರು ದಿನ, ಒಬ್ಬೊಬ್ಬರಿಗೆ ಮೂರು ಸಾವಿರದ ಇನ್ನೂರು ರೂಪಾಯಿ. ನಮ್ಮಪ್ಪ ಹೋತ ಮಾರಿ ರೊಕ್ಕ ಕೊಟ್ಟ. ಹಾಸ್ಟೆಲ್ಲಿನ ನನ್ನ ರೂಮಿನ ಗೆಳೆಯನ ಮನೆಯಲ್ಲಿ ಮಾರಲಿಕ್ಕೆ ಹೋತ ಇರಲಿಲ್ಲ. ಅವನು ಬಸ್ಸಿನ ತನಕ ಬಂದು, ನನ್ನ ಚೀಲ ಮೇಲಿಟ್ಟು, "ಎಲ್ಲಾ ನೋಡಿಕೊಂಡು ಬಾ, ಬಂದು ನನಗ ಹೇಳು" ಎಂದು ಇಳಿದು ಹೋದ. ಈ ಬರಹ ಮೊದಲು ಅವನಿಗೆ ಹೇಳಿದ ಮಾತು. ಆಮೇಲೆ ಕಾಗದಕ್ಕೆ ಬಂತು.

ನೋಡುವ ಜಾಗಗಳ ಪಟ್ಟಿಯನ್ನು ಟೈಪ್ ಮಾಡಿ ಕೊಟ್ಟಿದ್ದರು. ಚಾರ್‌ಮಿನಾರ್, ಮಕ್ಕಾ ಮಸೀದಿ, ಸಾಲಾರ್‌ಜಂಗ್ ಮ್ಯೂಸಿಯಂ, ಗೋಲ್ಕೊಂಡಾ, ಬಿರ್ಲಾ ಮಂದಿರ, ಟ್ಯಾಂಕ್‌ಬಂಡ್, ಕೊನೆಗೆ ರಾಮೋಜಿ ಫಿಲ್ಮ್ ಸಿಟಿ. ಫಿಲ್ಮ್ ಸಿಟಿಗೆ ಇಡೀ ಒಂದು ದಿನ, ಮ್ಯೂಸಿಯಮ್ಮಿಗೆ ಎರಡೂವರೆ ತಾಸು. ಇತಿಹಾಸ ವಿಭಾಗದವರಿಗೆ ರಟ್ಟಿನ ಅರಮನೆ ನೋಡಲು ಇದ್ದ ಪುರುಸೊತ್ತು ಕಲ್ಲಿನ ಅರಮನೆಗೆ ಇರಲಿಲ್ಲ. ಇರಲಿ. ರಾತ್ರಿ ಬಸ್ಸು ಸಿಂಧನೂರು, ರಾಯಚೂರು ದಾಟಿತು. ಶಕ್ತಿನಗರದ ಹತ್ತಿರ ಕೃಷ್ಣೆ ದಾಟುವಾಗ ಎಚ್ಚರ ಇದ್ದವನು ನಾನೊಬ್ಬನೇ ಇರಬೇಕು. ಒಂದು ಕಾಲಕ್ಕೆ ನಮ್ಮ ಹಿರಿಯರಿಗೆ ಈ ನದಿಯಾಚೆಯೂ ಅದೇ ರಾಜ್ಯ, ಅದೇ ನಿಜಾಮ. 1956ರ ನವೆಂಬರ್ ತನಕ ನಮ್ಮ ರಾಜಧಾನಿ ಬೆಂಗಳೂರಲ್ಲ, ಹೈದರಾಬಾದು. ಆದರೆ ನಮ್ಮ ಓಣಿಯ ಎಷ್ಟು ಮಂದಿ ಆ ರಾಜಧಾನಿ ಕಂಡಿದ್ದರು? ನಮ್ಮ ಮನೆತನದಲ್ಲಿ ಅದನ್ನು ನೋಡಲು ಹೊರಟ ಮೊದಲನೆಯವನು ನಾನೇ. ಅದೂ ರಾಜಧಾನಿ ಹೋಗಿ ಅರವತ್ತೇಳು ವರ್ಷದ ಮೇಲೆ.

ಚಾರ್‌ಮಿನಾರ್ 1591ರದು. ಮುಹಮ್ಮದ್ ಕುಲಿ ಕುತುಬ್ ಷಾ ಕಟ್ಟಿಸಿದ ಎಂದು ಪುಸ್ತಕ ಹೇಳುತ್ತದೆ. ಕಟ್ಟಿದವರ ಹೆಸರನ್ನು ಪುಸ್ತಕ ಹೇಳುವುದಿಲ್ಲ. ನಮ್ಮ ಕಡೆ ಇಟಗಿಯ ಮಹಾದೇವ ಗುಡಿಯ ಕತೆಯೂ ಇದೇ. 1112ರಲ್ಲಿ ಚಾಲುಕ್ಯ ದಂಡನಾಯಕ ಮಹಾದೇವ ಕಟ್ಟಿಸಿದ. ಕಲ್ಲು ಎಳೆದವರು ಯಾರು, ನೀರು ಹೊತ್ತವರು ಯಾರು, ಶಾಸನಕ್ಕೆ ಬೇಕಿಲ್ಲ. ಲಾಡ್ ಬಜಾರಿನಲ್ಲಿ ಹುಡುಗಿಯರು ಬಳೆ ಕೊಂಡರು, ಹುಡುಗರು ಇರಾನಿ ಚಹಾ ಕುಡಿದು ಉಸ್ಮಾನಿಯಾ ಬಿಸ್ಕೀಟು ತಿಂದರು. ಗೋಲ್ಕೊಂಡಾದಲ್ಲಿ ಗೈಡು ಚಪ್ಪಾಳೆ ತಟ್ಟಿ ಮೇಲಿನ ತನಕ ಕೇಳಿಸಿದ. ನಾವೂ ತಟ್ಟಿದೆವು. ಇವನ್ನೆಲ್ಲ ಯಾರಾದರೂ ಬರೆದಾರು.

ನಾನು ಹೇಳಬೇಕಾದದ್ದು ಮ್ಯೂಸಿಯಮ್ಮಿನ ಎರಡೂವರೆ ತಾಸಿನದು.

ಮೂಸಿ ನದಿಯ ದಕ್ಷಿಣ ದಂಡೆಯಲ್ಲಿದೆ ಸಾಲಾರ್‌ಜಂಗ್ ಮ್ಯೂಸಿಯಂ. ಒಳಗೆ ಸುಮಾರು 43,000 ವಸ್ತುಗಳು. ಚೀನಾದ ಪಿಂಗಾಣಿ, ಫ್ರಾನ್ಸಿನ ಕುರ್ಚಿ, ಜಪಾನಿನ ಪರದೆ, ಪರ್ಷಿಯಾದ ಜಮಖಾನೆ, ಮೊಗಲರ ಕಠಾರಿ. ಒಂದು ಕಡೆ ದೊಡ್ಡ ಗಡಿಯಾರ. ಕಲಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪನಿಯದು. ತಾಸು ತುಂಬುವ ಹೊತ್ತಿಗೆ ಅದರೊಳಗಿಂದ ಒಬ್ಬ ಬೊಂಬೆ ಆಳು ಹೊರಗೆ ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತಾನೆ. ಇನ್ನೊಬ್ಬ ಬೊಂಬೆ ಕಮ್ಮಾರ ಒಂದೊಂದು ಸೆಕೆಂಡಿಗೂ ಸುತ್ತಿಗೆ ಹೊಡೆಯುತ್ತಲೇ ಇರುತ್ತಾನೆ. ಜನ ನೆರೆದು ಕುರ್ಚಿಯಲ್ಲಿ ಕುಂತು ಕಾಯುವುದು ಗಂಟೆ ಬಾರಿಸುವವನಿಗಾಗಿ. ಬಿಡದೆ ಹೊಡೆಯುವ ಕಮ್ಮಾರನನ್ನು ಯಾರೂ ನೋಡುವುದಿಲ್ಲ.

"ನೋಡ್ರಿ, ಇದೆಲ್ಲಾ ಒಂದ ಮನೆತನ ಕೂಡಿ ಹಾಕಿದ್ದು" ಎಂದರು ನಮ್ಮ ಜೊತೆ ಬಂದ ಮೇಷ್ಟ್ರು.

"ಸರ್, ರೊಕ್ಕ ಎಲ್ಲಿಂದ ಬಂತ್ರಿ?"

"ನವಾಬರು ಅಂದಮ್ಯಾಲ ರೊಕ್ಕಕ್ಕೇನಪಾ ಕಡಿಮಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಸಾಲಾರ್‌ಜಂಗ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಕಾಲೇಜಿನಲ್ಲಲ್ಲ, ನಮ್ಮ ಆಯಿಯ ಬಾಯಲ್ಲಿ. "ಸಾಲರಜಂಗನ ಸರಕಾರ" ಎನ್ನುತ್ತಾಳೆ ಆಕೆ. ನಿಜಾಮ ಎನ್ನುವುದಿಲ್ಲ.

ಊರಿಗೆ ಬಂದು ಲೈಬ್ರರಿಯಲ್ಲಿ ಗೆಜೆಟಿಯರ್ ತೆಗೆದು ಕುಂತೆ. ಹೈದರಾಬಾದ್ ಸಂಸ್ಥಾನದ ಮೂರನೇ ಒಂದು ಪಾಲಿನಷ್ಟು ನೆಲ ಜಹಗೀರದಾರರ ಕೈಯಲ್ಲಿತ್ತು. ಅವರಲ್ಲಿ ದೊಡ್ಡವರ ಸಾಲಿನಲ್ಲಿ ಸಾಲಾರ್‌ಜಂಗ್ ಮನೆತನ. ಅವರ ಎಸ್ಟೇಟು ಒಂದೇ ಕಡೆ ಇರಲಿಲ್ಲ, ರಾಜ್ಯದ ತುಂಬ ಹರಡಿತ್ತು. ಮುನ್ನೂರಕ್ಕೂ ಹೆಚ್ಚು ಹಳ್ಳಿ, ಸುಮಾರು 1,480 ಚದರ ಮೈಲಿ. ಅಜಂತಾ ಅವರದು, ಕೋಸಗಿ ಅವರದು. ಮತ್ತೆ ಕೊಪ್ಪಳ, ಯಲಬುರ್ಗಿ ಎರಡೂ ಜಹಗೀರಿ ತಾಲೂಕು ಅವರವೇ. ಇಂಥ ದೊಡ್ಡ ಜಹಗೀರಿಯಲ್ಲಿ ಕಂದಾಯ ಅವರದು, ಕಚೇರಿ ಅವರದು, ಪೊಲೀಸು ಅವರದು, ನ್ಯಾಯವೂ ಅವರದೇ.

ಅಂದರೆ ಗೆಳೆಯರೇ, ಆ ಪಿಂಗಾಣಿ ನಮ್ಮದು. ನಮ್ಮ ಯಲಬುರ್ಗಿ ಸೀಮೆಯ ಬಿಳಿ ಜೋಳ ಮಾರಿ, ಹತ್ತಿ ಮಾರಿ, ಹಾಲಿ ಸಿಕ್ಕಾ ರೂಪಾಯಿ ಮಾಡಿ ಕಟ್ಟಿದ ಕಂದಾಯ ಮೂಸಿ ದಂಡೆಯಲ್ಲಿ ಜಪಾನಿನ ಪರದೆಯಾಗಿ ನಿಂತಿದೆ. ನಾವು ಟಿಕೇಟು ತೆಗೆಸಿ, ಸಾಲಿನಲ್ಲಿ ನಿಂತು, ನಮ್ಮದನ್ನೇ ನೋಡಿ ಬಂದೆವು. "ವಸ್ತುಗಳನ್ನು ಮುಟ್ಟಬೇಡಿ" ಎಂಬ ಬೋರ್ಡು ಇತ್ತು. ಮುಟ್ಟಬೇಡಿ ಎಂಬುದು ನಮಗೆ ಹೊಸ ಮಾತಲ್ಲ.

ಮುಸುಕಿನ ರೆಬೆಕ್ಕಾ ಎಂಬ ಒಂದು ಅಮೃತಶಿಲೆಯ ಮೂರ್ತಿ ಅಲ್ಲಿದೆ. ಮುಖದ ಮೇಲೆ ತೆಳ್ಳನೆ ಸೆರಗು, ಅದೂ ಕಲ್ಲೇ. ಒದ್ದೆ ಬಟ್ಟೆ ಮೈಗಂಟಿದ ಹಾಗೆ ಕಾಣುತ್ತದೆ. ಇಟಲಿಯ ಜೊವಾನಿ ಬೆನ್ಜೋನಿ ಕೆತ್ತಿದ್ದು. ನಿಜ ಹೇಳಬೇಕೆಂದರೆ ನಾನು ಅದರ ಮುಂದೆ ಹತ್ತು ನಿಮಿಷ ಅಲ್ಲಾಡದೆ ನಿಂತಿದ್ದೆ. ಕಲ್ಲು ಬಟ್ಟೆಯಾಗುವುದನ್ನು ಕಂಡರೆ ಯಾವ ಕವಿಗೆ ಹೊಟ್ಟೆಕಿಚ್ಚಾಗುವುದಿಲ್ಲ? ಕೆಳಗಿನ ಬರಹದಲ್ಲಿ ವರ್ಷ ಓದಿದೆ. ಮೊದಲನೆಯ ಸಾಲಾರ್‌ಜಂಗ್ ಇದನ್ನು ರೋಮಿನಲ್ಲಿ ಕೊಂಡದ್ದು 1876ರಲ್ಲಿ.

1876! ಇತಿಹಾಸ ಓದಿದವರಿಗೆ ಆ ವರ್ಷ ಎದೆಗೆ ಬಡಿಯಬೇಕು. ಧಾತು ಸಂವತ್ಸರ. ಆ ವರ್ಷ ಮುಂಗಾರು ಕೈಕೊಟ್ಟಿತು. ಬಳ್ಳಾರಿ, ಧಾರವಾಡ, ವಿಜಾಪುರ, ರಾಯಚೂರು, ಲಿಂಗಸುಗೂರು, ದಖನ್ನಿನ ನಡುನೆಲವೆಲ್ಲ ಒಣಗಿತು. ಎರಡು ವರ್ಷದ ಆ ಧಾತು-ಈಶ್ವರ ಬರದಲ್ಲಿ ದಕ್ಷಿಣ ಭಾರತದಲ್ಲಿ ಸತ್ತವರ ಲೆಕ್ಕ ಐವತ್ತು ಲಕ್ಷ ದಾಟುತ್ತದೆಂದು ಇತಿಹಾಸಕಾರರು ಬರೆಯುತ್ತಾರೆ. ಮೊದಲು ಸತ್ತವರು ಯಾರು? ಹಗೇವಿನಲ್ಲಿ ಜೋಳ ಇದ್ದವರಲ್ಲ. ದಿನದ ಕೂಲಿಯಲ್ಲಿ ಅಂದಂದಿನ ಕಾಳು ತಂದು ಬೀಸುತ್ತಿದ್ದವರು, ಹೊಲವೇ ಇಲ್ಲದವರು, ಊರ ಹೊರಗಿನವರು. ಅದೇ ವರ್ಷ ನಮ್ಮ ಜಹಗೀರದಾರ ಯುರೋಪಿನಲ್ಲಿದ್ದ. ಇಂಗ್ಲೆಂಡಿನಲ್ಲಿ ಸನ್ಮಾನ, ಆಕ್ಸ್‌ಫರ್ಡಿನಲ್ಲಿ ಗೌರವ ಪದವಿ, ರೋಮಿನಲ್ಲಿ ಈ ಮೂರ್ತಿ.

ಬರ ಬರುತ್ತದೆಂದು ಅವನಿಗೆ ಕನಸು ಬಿದ್ದಿರಲಿಲ್ಲ, ಒಪ್ಪೋಣ. ಮೀರ್ ತುರಾಬ್ ಅಲಿ ಖಾನ್ ದಡ್ಡನೂ ಅಲ್ಲ, ದುಷ್ಟನೂ ಅಲ್ಲ. 1853ರಿಂದ 1883ರಲ್ಲಿ ಸಾಯುವ ತನಕ ನಿಜಾಮರ ದಿವಾನ. ಸಾಲದಲ್ಲಿ ಮುಳುಗಿದ ಸಂಸ್ಥಾನವನ್ನು ಎತ್ತಿ ನಿಲ್ಲಿಸಿದ, ಜಿಲ್ಲಾಬಂದಿ ಮಾಡಿ ಕಂದಾಯಕ್ಕೆ ಒಂದು ಕ್ರಮ ತಂದ, ಶಾಲೆ ತೆರೆದ. ಅವನನ್ನು ಸುಧಾರಕ ಎನ್ನುವವರ ಜೊತೆ ನನ್ನ ಜಗಳವಿಲ್ಲ. ದಿವಾನಗಿರಿಯ ಸಂಬಳದಲ್ಲೇ ಮೂರ್ತಿ ಕೊಂಡ ಎಂದು ಯಾರಾದರೂ ವಾದಿಸಬಹುದು. ಆ ಸಂಬಳ ಯಾರ ಹೊಲದಲ್ಲಿ ಬೆಳೆಯಿತು?

ಈ ದಿವಾನನ ಇನ್ನೊಂದು ಮುಖ ನಮ್ಮ ಕೊಪ್ಪಳದ ಕೋಟೆಯಲ್ಲೇ ಇದೆ. 1857ರ ಜುಲೈನಲ್ಲಿ ಹೈದರಾಬಾದಿನಲ್ಲಿ ತುರ್ರೇಬಾಜ್ ಖಾನ್, ಮೌಲ್ವಿ ಅಲ್ಲಾಉದ್ದೀನ್ ಜನ ಕಟ್ಟಿಕೊಂಡು ಕೋಠಿಯ ಬ್ರಿಟಿಷ್ ರೆಸಿಡೆನ್ಸಿ ಮೇಲೆ ಬಿದ್ದರು. ದಿವಾನ ನಿಂತದ್ದು ಬ್ರಿಟಿಷರ ಕಡೆ. ಮರುವರ್ಷ, 1858ರಲ್ಲಿ, ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆ ಹಿಡಿದ. ಟಿಪ್ಪು ಬಲಪಡಿಸಿದ, 1790ರಲ್ಲಿ ಇಂಗ್ಲಿಷರ ಮತ್ತು ನಿಜಾಮನ ಸೈನ್ಯ ಆರು ತಿಂಗಳು ಮುತ್ತಿದ ಅದೇ ಕೋಟೆ. ಕಂಪನಿ ಫೌಜು ಏರಿ ಬಂತು. ಭೀಮರಾಯ ಸತ್ತ, ಹಮ್ಮಿಗಿಯ ಕೆಂಚನಗೌಡ ಸತ್ತ. ಈ ಇಬ್ಬರ ಹೆಸರು ನಮ್ಮ ಪಾಠದಲ್ಲಿವೆ. ಅವರ ಜೊತೆ ಕೋಟೆಯಲ್ಲಿ ಸತ್ತ ಉಳಿದವರ ಹೆಸರು ಯಾವ ಪಾಠದಲ್ಲಿದೆ? ಕೋಠಿಯ ಮೇಲೇ ನಮ್ಮ ಬಸ್ಸು ಹೋಯಿತು. ಹಾಡು ಜೋರಾಗಿತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳದಿದ್ದರೆ ನಾನು ಬರೆದದ್ದನ್ನು ಬೇರೆಯವರು ಎತ್ತಿಕೊಂಡು ಹೋಗುತ್ತಾರೆ. ಪ್ರತಿವರ್ಷ ಸೆಪ್ಟೆಂಬರ್ 17 ಬಂದಾಗ ವೇದಿಕೆ ಹತ್ತಿ "ಮುಸ್ಲಿಂ ನವಾಬರು ಹಿಂದೂಗಳನ್ನು ಸುಲಿದರು" ಎಂದು ಕೈ ಎತ್ತುವವರಿದ್ದಾರೆ. ಅವರಿಗೆ ಆಯಿಯ ಮಾತು ಕೇಳಿಸಬೇಕು. ಆಕೆ 1948ರಲ್ಲಿ ಹತ್ತು ವರ್ಷದ ಹುಡುಗಿ. ರಜಾಕಾರರ ಹೆದರಿಕೆಗೆ ಜನ ಊರು ಬಿಟ್ಟು ಗದಗಿನ ಕಡೆ ಓಡಿದ್ದನ್ನು ಕಂಡವಳು. ಆ ಹೆದರಿಕೆ ಸುಳ್ಳಲ್ಲ. ಆದರೆ "ಸಾಲರಜಂಗನ್ನ ನೀ ನೋಡಿಯೇನು?" ಎಂದರೆ ನಗುತ್ತಾಳೆ.

"ಅಂವ ಯಾಕ ಬರತಾನ ಇಲ್ಲಿಗಿ? ಬರತಿದ್ದವರು ಸರಕಾರದ ಮಂದಿ. ಅವರು ಬಂದ್ರ ಗೌಡ್ರ ಮನ್ಯಾಗ ಊಟ. ಕುಲಕರ್ಣಿ ದಫ್ತರ ಬಿಚ್ಚತಿದ್ದ. ನಿಮ್ಮ ಮುತ್ಯಾ ಅವರ ಗಂಟು ಹೊತಗೊಂಡು ಮುಂದಿನ ಊರ ತನಕ ಹೋಗಬೇಕು. ಕೂಲಿ ಅಂದ್ರ ಹಿತ್ತಲದಾಗ ನಿಂತರ ಮ್ಯಾಲಿಂದ ಒಂದು ರೊಟ್ಟಿ ಒಗೀತಿದ್ರು."

ರೊಟ್ಟಿ ಒಗೆದ ಕೈ ನವಾಬನದಲ್ಲ. ಬಿಟ್ಟಿ ಚಾಕರಿಗೆ ಕರೆದ ದನಿ ಉರ್ದುವಿನದಲ್ಲ, ಅಚ್ಚ ಕನ್ನಡದ್ದು. ಬಾವಿಗೆ ಬಿಡದಿದ್ದವರು ಹೈದರಾಬಾದಿನಿಂದ ಬಂದಿರಲಿಲ್ಲ. ಜಹಗೀರದಾರ ಕಂದಾಯ ಒಯ್ದ. ಅದಕ್ಕೂ ಮೊದಲು ಊರೊಳಗಿನ ಜಾತಿ ನಮ್ಮ ಮೈಯನ್ನೇ ಒಯ್ದಿತ್ತು. ಒಂದು ಮೇಲೆ, ಒಂದು ಕೆಳಗೆ ಕೂತ ಬೀಸುಕಲ್ಲು ಅದು. 1936ರಲ್ಲಿ ನಿಜಾಮ ಸರಕಾರವೇ ಭಾಗೇಲಾ ಎಂಬ ಜೀತದ ಕರಾರುಗಳಿಗೆ ಕಡಿವಾಣ ಹಾಕುವ ಕಾನೂನು ಮಾಡಿತು. ಕಾನೂನು ಇದ್ದದ್ದು ಉರ್ದುವಿನಲ್ಲಿ, ಜೀತ ಇದ್ದದ್ದು ಕನ್ನಡದಲ್ಲಿ, ತೆಲುಗಿನಲ್ಲಿ, ಮರಾಠಿಯಲ್ಲಿ.

ಮುಂದೇನಾಯಿತು? ಕಡೆಯ ಸಾಲಾರ್‌ಜಂಗ್ ಮೀರ್ ಯೂಸುಫ್ ಅಲಿ ಖಾನ್, 1912ರಿಂದ 1914ರವರೆಗೆ ದಿವಾನಗಿರಿ ಮಾಡಿ, ಆಮೇಲೆ ಬದುಕಿಡೀ ವಸ್ತು ಕೂಡಿಸಿದವನು, ಮದುವೆಯಾಗದೆ 1949ರ ಮಾರ್ಚಿನಲ್ಲಿ ಸತ್ತ. ಅದೇ ವರ್ಷ ಆಗಸ್ಟಿನಲ್ಲಿ ಜಹಗೀರಿಗಳೇ ರದ್ದಾದವು. ಜಹಗೀರದಾರರಿಗೆ ಪರಿಹಾರ ಸಿಕ್ಕಿತು. ಅವನ ವಸ್ತುಗಳಿಗೆ ಮ್ಯೂಸಿಯಂ ಸಿಕ್ಕಿತು. 1951ರ ಡಿಸೆಂಬರ್ 16ರಂದು ದಿವಾನ್ ದೇವಡಿಯಲ್ಲಿ ನೆಹರೂ ಉದ್ಘಾಟಿಸಿದರು, 1961ರಲ್ಲಿ ಪಾರ್ಲಿಮೆಂಟು ಅದಕ್ಕಾಗಿ ಕಾಯಿದೆಯನ್ನೇ ಮಾಡಿತು, 1968ರಲ್ಲಿ ಈಗಿನ ಕಟ್ಟಡಕ್ಕೆ ಬಂತು. 1950ರ ಗೇಣಿ ಕಾಯಿದೆ ದಫ್ತರದಲ್ಲಿ ಹೆಸರಿದ್ದವನ ಕೈ ಹಿಡಿಯಿತು. ದಫ್ತರ ಯಾರ ಕೈಯಲ್ಲಿತ್ತು ಎಂದು ಮೇಲೆ ಹೇಳಿದ್ದೇನೆ. ಗಂಟು ಹೊತ್ತ ಮುತ್ಯಾನ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಚೀನಾದ ಬಟ್ಟಲುಗಳಿಗೂ ನಂಬರು ಇದೆ, ರಿಜಿಸ್ಟರು ಇದೆ.

ಹೈದರಾಬಾದು ಬರೀ ನವಾಬರ ಊರಲ್ಲ. ಈ ಮಾತು ನಮ್ಮ ಪ್ರವಾಸದ ಪಟ್ಟಿಯಲ್ಲಿ ಇರಲಿಲ್ಲ.

ಅಂಬೇಡ್ಕರರಿಗಿಂತ ಮೂರು ವರ್ಷ ಮೊದಲು, 1888ರಲ್ಲಿ, ಈ ಊರಿನಲ್ಲಿ ಮಾದರಿ ಭಾಗಯ್ಯ ಎಂಬ ಮಾಲ ಜಾತಿಯ ಹುಡುಗ ಹುಟ್ಟಿದ. ಮುಂದೆ ಭಾಗ್ಯರೆಡ್ಡಿ ವರ್ಮ ಎಂದಾದ. 1906ರಲ್ಲಿ ಜಗನ್ಮಿತ್ರ ಮಂಡಳಿ ಕಟ್ಟಿ ಕೇರಿ ಕೇರಿಗೆ ಹೋಗಿ ಹರಿಕಥೆ, ಭಜನೆಯ ನೆಪದಲ್ಲಿ ಜನರನ್ನು ಕೂಡಿಸಿದ. 1910ರ ಸುಮಾರಿಗೆ ಶಾಲೆ ತೆರೆಯಲು ಹಿಡಿದವನು, ಹೋಗ್ತಾ ಹೋಗ್ತಾ ಇಪ್ಪತ್ತಕ್ಕೂ ಹೆಚ್ಚು ಶಾಲೆ ನಡೆಸಿದ. 1917ರಲ್ಲಿ ಬೆಜವಾಡದ ಪಂಚಮರ ಸಮಾವೇಶಕ್ಕೆ ಅವನನ್ನು ಅಧ್ಯಕ್ಷನಾಗಿ ಕರೆದರೆ, ವೇದಿಕೆಯ ಮೇಲೆ ಮೊದಲು ಮಾಡಿದ್ದು ಆ ಹೆಸರನ್ನೇ ಕಿತ್ತೊಗೆದದ್ದು. ನಾವು ಐದನೆಯವರಲ್ಲ, ಈ ನೆಲದ ಮೊದಲಿಗರು, ಆದಿ ಆಂಧ್ರರು ಎಂದ. ಹೈದರಾಬಾದಿನಲ್ಲಿ ಅದೇ ಆದಿ ಹಿಂದೂ ಚಳವಳಿಯಾಯಿತು. 1931ರ ಜನಗಣತಿಯಲ್ಲಿ ನಿಜಾಮ ಸರಕಾರ ನಮ್ಮವರನ್ನು ಆದಿ ಹಿಂದೂ ಎಂದೇ ಬರೆದುಕೊಂಡಿತು. ಹೆಸರು ಬದಲಾದರೆ ಹೊಟ್ಟೆ ತುಂಬುತ್ತದೆಯೇ ಎನ್ನುವವರು, ಊರಲ್ಲಿ ನಮ್ಮನ್ನು ಯಾವ ಹೆಸರಿನಿಂದ ಕೂಗುತ್ತಿದ್ದರೆಂದು ಒಮ್ಮೆ ನೆನೆಯಲಿ.

ದೇವರ ಹೆಸರಿನಲ್ಲಿ ಹುಡುಗಿಯರನ್ನು ಬಿಡುವ ಪದ್ಧತಿಯ ಮೇಲೂ ಅವನು ಬಿದ್ದಿದ್ದ. ನಮ್ಮ ಕೊಪ್ಪಳದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದಲ್ಲಿ ಅದಕ್ಕೆ ನಿಷೇಧ ಕಾಯಿದೆ ಬಂದದ್ದು 1982ರಲ್ಲಿ, ಭಾಗ್ಯರೆಡ್ಡಿ ವರ್ಮ ಸತ್ತು ನಲವತ್ತಮೂರು ವರ್ಷದ ಮೇಲೆ. ಆಮೇಲೂ ನಮ್ಮ ಕಡೆಯ ಓಣಿಗಳಲ್ಲಿ ಶಾಲೆಯ ಅರ್ಜಿಯ 'ತಂದೆಯ ಹೆಸರು' ಸಾಲು ಖಾಲಿ ಬಿಟ್ಟು ಕೊಟ್ಟ ಮಕ್ಕಳಿದ್ದಾರೆ. ನನ್ನ ಜೊತೆ ಒಂದನೇ ಇಯತ್ತೆಯಲ್ಲಿ ಕುಂತವರು.

ಇನ್ನೊಬ್ಬರು ಬಿ. ಶ್ಯಾಮಸುಂದರ್. ಔರಂಗಾಬಾದಿನಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಬೆಳೆದ ನಾಯಕ. 1948ರಲ್ಲಿ ನಿಜಾಮನ ನಿಯೋಗದ ಜೊತೆ ವಿಶ್ವಸಂಸ್ಥೆಯ ತನಕ ಹೋದವರು. ಇದು ನಮಗೆ ನುಂಗಲು ಕಷ್ಟದ ತುತ್ತು. ಅಂಬೇಡ್ಕರರು 1947ರ ನವೆಂಬರಿನಲ್ಲೇ ಹೈದರಾಬಾದಿನ ದಲಿತರಿಗೆ ನಿಜಾಮನ ಕಡೆ ನಿಲ್ಲಬೇಡಿ ಎಂದು ಬಹಿರಂಗವಾಗಿ ಹೇಳಿದ್ದರು. ಶ್ಯಾಮಸುಂದರರ ಲೆಕ್ಕ ಬೇರೆ ಇತ್ತು. ಊರ ಸವರ್ಣರ ಕೈಗೆ ರಾಜ್ಯ ಹೋಗುವುದಕ್ಕಿಂತ ಇದು ಮೇಲು ಎಂದು ಅವರಿಗೆ ಕಂಡಿತು. ತಪ್ಪೆಂದೇ ನನ್ನ ಎಣಿಕೆ. ಆದರೆ ಅವರು ಯಾರಿಗೆ ಹೆದರಿದರೋ ಆ ಹೆದರಿಕೆ ತಪ್ಪಾಗಿರಲಿಲ್ಲ. ಅದೇ ಶ್ಯಾಮಸುಂದರ್ 1968ರಲ್ಲಿ ನಮ್ಮ ಕಲಬುರ್ಗಿಯಲ್ಲಿ ಭೀಮಸೇನೆ ಕಟ್ಟಿದರು. 1975ರಲ್ಲಿ ತೀರಿಕೊಂಡರು. ದಲಿತ ಚಳವಳಿಯ ಇತಿಹಾಸವನ್ನು ಭದ್ರಾವತಿ, ಮೈಸೂರು, ಬೆಂಗಳೂರಿನಿಂದ ಸುರು ಮಾಡುವ ಗೆಳೆಯರು ಕಲಬುರ್ಗಿಯನ್ನೂ ಒಂದು ಸಲ ಲೆಕ್ಕಕ್ಕೆ ಹಿಡಿಯಬೇಕು.

ಎರಡನೇ ದಿನ ಮಧ್ಯಾಹ್ನ, ಇಸಾಮಿಯಾ ಬಜಾರ್ ಕಡೆ ಅರ್ಧ ತಾಸು ಬಸ್ಸು ನಿಲ್ಲಿಸಿರೆಂದು ಕೇಳಿದೆ. ಭಾಗ್ಯರೆಡ್ಡಿ ವರ್ಮ ಶಾಲೆ ನಡೆಸಿದ ಜಾಗ ನೋಡಬೇಕು, ಆದಿ ಹಿಂದೂ ಭವನ ಹುಡುಕಬೇಕು ಎಂದೆ.

"ಲಿಸ್ಟಿನ್ಯಾಗ ಇಲ್ಲಲ್ಲಪಾ."

"ಲಿಸ್ಟಿನ್ಯಾಗ ಹಾಕ್ರಿ ಸರ್."

"ನಿನ್ನೊಬ್ಬಂವಗೋಸ್ಕರ ನಲವತ್ತಾರು ಮಂದಿ ನಿಲ್ಲಬೇಕೇನು?"

ಹಿಂದಿನ ಸೀಟಿನಲ್ಲಿದ್ದ ನಮ್ಮ ಹಾಸ್ಟೆಲ್ ಹುಡುಗರು ಏಳು ಮಂದಿ "ನಾವೂ ನೋಡತೀವಿ ಸರ್" ಎಂದರು. ಬಸ್ಸು ನಿಲ್ಲಲಿಲ್ಲ. ಬಿರ್ಲಾ ಮಂದಿರದ ಸಮಯ ಮೀರುತ್ತಿತ್ತು.

ಸಂಜೆ ಹುಸೇನ್ ಸಾಗರದ ದಂಡೆಯಲ್ಲಿ ಇಳಿಸಿದರು. ನೀರಿನ ನಡುವೆ ಬುದ್ಧ. ಒಂದೇ ಕಲ್ಲಿನ ಈ ಮೂರ್ತಿಯನ್ನು 1990ರ ಮಾರ್ಚಿನಲ್ಲಿ ತೆಪ್ಪದ ಮೇಲೆ ಸಾಗಿಸುವಾಗ ತೆಪ್ಪ ಮಗುಚಿ, ಬುದ್ಧ ಮುಳುಗಿದ, ಜೊತೆಗಿದ್ದ ಕೆಲಸದ ಜನ ಸತ್ತರು. ಎರಡು ವರ್ಷಕ್ಕೂ ಹೆಚ್ಚು ಕಾಲ ನೀರಡಿ ಮಲಗಿದ್ದವನನ್ನು 1992ರ ಡಿಸೆಂಬರ್ ಒಂದರಂದು ಎತ್ತಿ ನಿಲ್ಲಿಸಿದರು. ಅದೇ ಕೆರೆಯ ಹತ್ತಿರ 125 ಅಡಿ ಎತ್ತರದ ಬಾಬಾಸಾಹೇಬರು. 2023ರ ಏಪ್ರಿಲ್ 14ರಂದು ನಿಲ್ಲಿಸಿದ್ದು. ಕೆಳಗೆ ಪಾರ್ಲಿಮೆಂಟಿನ ಆಕಾರದ ಐವತ್ತು ಅಡಿ ಪೀಠ. ಕತ್ತು ನೋಯುವಷ್ಟು ಮೇಲೆ ನೋಡಿದೆ. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ನಮ್ಮ ಏಳು ಹುಡುಗರು ಜೈಭೀಮ್ ಎಂದು ಕೂಗಿದರು, ಬಸ್ಸಿನ ಉಳಿದವರು ಫೋಟೋ ತೆಗೆದುಕೊಂಡರು. ಇದೇ ಊರಿನ ಉಸ್ಮಾನಿಯಾ ವಿಶ್ವವಿದ್ಯಾಲಯ 1953ರ ಜನವರಿಯಲ್ಲಿ ಅಂಬೇಡ್ಕರರಿಗೆ ಗೌರವ ಡಿ.ಲಿಟ್. ಕೊಟ್ಟಿತ್ತು. ಆಗ ಅವರು ಬದುಕಿದ್ದರು, ಮಾತಾಡುತ್ತಿದ್ದರು, ಕಾನೂನು ಮಂತ್ರಿಗಿರಿಯನ್ನು ಒದ್ದು ಬಂದಿದ್ದರು. ಆ ಕಟ್ಟಡದ ಮುಂದೆ ನಿಲ್ಲುವುದೂ ಲಿಸ್ಟಿನಲ್ಲಿರಲಿಲ್ಲ.

ಊರಿಗೆ ಬಂದ ಮೇಲೆ ಆಯಿಗೆ ಮೊಬೈಲಿನಲ್ಲಿ ರೆಬೆಕ್ಕಾಳ ಫೋಟೋ ತೋರಿಸಿದೆ. ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

"ಯಾರಿಕಿ?"

"ಸಾಲರಜಂಗ ಕೊಂಡು ತಂದ ಗೊಂಬಿ, ಆಯಿ."

"ಚೆಂದ ಅದಾಳ. ಎಷ್ಟು ಚೀಲ ಜ್ವಾಳ ಬಿತ್ತಂತ?"

ಲೆಕ್ಕ ಹಾಕಿ ಹೇಳುತ್ತೇನೆ ಎಂದೆ. ಆಗಿನ ಜೋಳದ ಧಾರಣೆ, ಹಾಲಿ ಸಿಕ್ಕಾದ ಬೆಲೆ, ಯಲಬುರ್ಗಿ ಜಹಗೀರಿಯ ಕಂದಾಯದ ದಫ್ತರಗಳನ್ನು ಹುಡುಕುತ್ತಿದ್ದೇನೆ. ಕೊಪ್ಪಳ, ಕುಷ್ಟಗಿ, ಗಂಗಾವತಿ, ಯಲಬುರ್ಗಿ ಕಡೆಯ ಮೇಷ್ಟ್ರುಗಳಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಜಹಗೀರಿ ಕಾಲದ ಪಾವತಿ, ಉರ್ದು ಕಾಗದ ಇದ್ದರೆ ಸುಡಬೇಡಿ, ರದ್ದಿಗೆ ಹಾಕಬೇಡಿ. ಓದಲು ಬರುವವರು ನಮ್ಮ ಜೊತೆ ಇದ್ದಾರೆ.

ಈ ವರ್ಷದ ಹುಡುಗರು ಡಿಸೆಂಬರಿನಲ್ಲಿ ಹೈದರಾಬಾದಿಗೆ ಹೊರಟಿದ್ದಾರೆ. ಇಸಾಮಿಯಾ ಬಜಾರ್, ಕೋಠಿ, ಉಸ್ಮಾನಿಯಾದ ಆರ್ಟ್ಸ್ ಕಾಲೇಜು ಎಂದು ಚೀಟಿ ಬರೆದು ಕೊಟ್ಟಿದ್ದೇನೆ. ಹೊರಡುವ ಮೊದಲೇ ಲಿಸ್ಟಿನಲ್ಲಿ ಸೇರಿಸಿ ಸಹಿ ಹಾಕಿಸಿಕೊಳ್ಳಿರೆಂದು ಹೇಳಿದ್ದೇನೆ. ನನ್ನ ರೂಮಿನ ಗೆಳೆಯನೂ ಈ ಸಲ ಅವರ ಜೊತೆ ಹೊರಟಿದ್ದಾನೆ. ಅವನು ಈಗ ಕಾಲೇಜು ಬಿಟ್ಟು ಗ್ರಾನೈಟ್ ಕೆಲಸದಲ್ಲಿದ್ದಾನೆ. ಮೂರು ದಿನದ ಪಗಾರ ಹೋಗುತ್ತದೆ, ಹೋಗಲಿ ಎಂದ.